ಒಂದೇ ಲಾಡು, ಎರಡು ಹೆಸರು

ನಮ್ಮ ನಿಮ್ಮಂಥದೇ ಒಂದು ಊರು. ಅಲ್ಲೊಬ್ಬ ಶ್ರೀಮಂತ. ಮಗಳ ಮದುವೆ. ಬೀಗರ ಮುಂದೆ ಯಾವ ಕುಂದೂ ಆಗಬಾರದೆಂದು ಬೆಳಗಿನಿಂದ ಛತ್ರದ ತುಂಬ ಓಡಾಡುತ್ತಿದ್ದ. ಬೀಗರು ಊಟಕ್ಕೆ ಕೂರುವ ಹೊತ್ತಿಗೆ ಅಡುಗೆ ಭಟ್ಟರು ಬಂದು ಕಿವಿಯಲ್ಲಿ ಹೇಳಿದರು: ಉಗ್ರಾಣದಲ್ಲಿ ಲಾಡಿನ ಬುಟ್ಟಿ ಅರ್ಧ ಖಾಲಿ.

ಶ್ರೀಮಂತ ಹುಡುಕಲೇ ಇಲ್ಲ ನೋಡಿ. ಹುಡುಕುವುದೇನು ಬಂತು? ಪಾತ್ರೆ ತೊಳೆಯಲು ಬಂದ ಅಜ್ಜಿಗೆ ಒಬ್ಬ ಮೊಮ್ಮಗ. ಊರೆಲ್ಲ 'ಪುಂಡ' ಎನ್ನುತ್ತಿದ್ದ ಹುಡುಗ. ಅವನು ಹಾದುಹೋದರೆ ಹೆಂಗಸರು ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಅವನನ್ನೇ ಹಿಡಿದು ತಂದರು. ಅಂಗೈಯಲ್ಲಿ ಬೂಂದಿ ಕಾಳು! ಇಂಥವನನ್ನು ಪೊಲೀಸರಿಗೇ ಒಪ್ಪಿಸಬೇಕು ಎಂದು ಶ್ರೀಮಂತ ಸ್ಟೇಷನ್ನಿಗೆ ಫೋನು ಹಚ್ಚಿದ. ಹುಡುಗ ಅಳಲಿಲ್ಲ. ಇದೇನು ಹೊಸದಲ್ಲ ಎನ್ನುವಂತೆ ನಿಂತಿದ್ದ.

ಅಷ್ಟರಲ್ಲಿ ಅಕ್ಕಿ ಮೂಟೆಯ ಹಿಂದಿನಿಂದ ಒಂದು ಬಿಕ್ಕಳಿಕೆ. ಎಳೆದು ನೋಡಿದರೆ ಯಾರು? ಶ್ರೀಮಂತನ ಸ್ವಂತ ಮಗ! ರೇಷ್ಮೆ ಪಂಚೆಯ ಮಡಿಲ ತುಂಬ ಲಾಡು. ಶ್ರೀಮಂತನ ಮುಖ ಅರಳಿತು. ನಮ್ಮ ತುಂಟ, ಅಕ್ಕನ ಮದುವೆಯ ಸಂಭ್ರಮ ಅವನಿಗೆ ಎಂದು ತಲೆ ಸವರಿದ. ಫೋನಿನಲ್ಲಿ ಯಾರೋ 'ಹಲೋ, ಹಲೋ' ಎನ್ನುತ್ತಲೇ ಇದ್ದರು.

ಅಜ್ಜಿ ತೊಳೆಯುತ್ತಿದ್ದ ಸೌಟು ಕೆಳಗಿಟ್ಟಳು. "ಒಂದೇ ಬುಟ್ಟೀದು ಲಾಡು, ಬುದ್ಧಿ. ನಿಮ್ ಮಗ ತಿಂದ್ರೆ ತುಂಟ, ನನ್ ಮೊಮ್ಮಗ ತಿಂದ್ರೆ ಕಳ್ಳನಾ? ಅವನ್ಗೂ ಒಂದು ಹೆಸ್ರದೆ. ಯಾರಾದ್ರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಗೊತ್ತಿದ್ದದ್ದು ಮಗನೊಬ್ಬನಿಗೆ. "ಚೆಲುವರಾಜು ಅಂತ, ಅಪ್ಪಾ. ಉಗ್ರಾಣಕ್ಕೆ ಅವನನ್ನ ಕರ್ಕೊಂಡು ಹೋಗಿದ್ದೇ ನಾನು."

ಫೋನು ಜೇಬಿಗೆ ಹೋಯಿತು. ಶ್ರೀಮಂತ ನಕ್ಕ, ನಾಚಿಕೆಯ ನಗು. ತಿಂದದ್ದು ಸಾಕು, ಮಿಕ್ಕದ್ದನ್ನು ಬೀಗರಿಗೆ ಬಡಿಸಿ ಎಂದು ಬುಟ್ಟಿಯನ್ನು ಇಬ್ಬರ ಕೈಗೂ ಕೊಟ್ಟ. ಅಜ್ಜಿಯ ಮೊಮ್ಮಗ ಹೇಗೆ ಬಡಿಸಿದ ಅಂತೀರಿ! ಎಲೆಗೆ ಅಡ್ಡ ಕೈ ಹಿಡಿದವರನ್ನೂ ನಗಿಸಿ ಬಡಿಸಿದ. ಬ್ಯಾಗು ಎಳೆದುಕೊಂಡಿದ್ದ ಹೆಂಗಸರೇ ಹೆಸರು ಕೇಳಿಕೊಂಡು "ಚೆಲುವರಾಜೂ, ಈ ಸಾಲಿಗೂ ಬಾಪ್ಪ" ಎಂದು ಕರೆದರು.

ಹುಡುಗರು ಯಾಕೆ ಕೆಡುತ್ತಾರೆ ಎಂದು ಕೇಳುತ್ತೀರಿ. ಬಡತನ, ಸಹವಾಸ, ಮೊಬೈಲು ಎನ್ನುತ್ತೀರಿ. ಎಲ್ಲವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ದಿನವೂ ಪುಂಡ, ಪುಂಡ ಎಂದು ಕೂಗುತ್ತೇವಲ್ಲ, ಒಂದು ದಿನ ಅವನು ಓಗೊಟ್ಟರೆ ತಪ್ಪು ಯಾರದು? ದುಡಿದು ದಣಿದಾಗ ಬೈಗುಳ ಬೇಗ ಬರುತ್ತದೆ, ನಿಜ. ಬಂದಾಗ ಒಂದು ಕ್ಷಣ ತಡೆಯಿರಿ. ನಿಮ್ಮ ಮಗ ಅದನ್ನೇ ಮಾಡಿದ್ದರೆ ಏನೆನ್ನುತ್ತಿದ್ದಿರೋ, ಪಕ್ಕದ ಬೀದಿಯ ಹುಡುಗನಿಗೂ ಅಷ್ಟೇ ಅನ್ನಿ. ಆಮೇಲೆ ನಂಬಿ ಒಂದು ಕೆಲಸ ಕೊಡಿ.

ಅಗೋ, ಈ ಪ್ರವಚನ ಮುಗಿದೊಡನೆ ಪ್ರಸಾದ ಬಡಿಸಲು ನಮ್ಮ ಹುಡುಗರು ಬಕೆಟ್ ಹಿಡಿದು ನಿಂತಿದ್ದಾರೆ. ಅಲ್ಲಿಂದಲೇ ಶುರುಮಾಡಿ. ಎಲೆಗೆ ಬೀಳುವ ಮೊದಲು, ಬಡಿಸುವ ಹುಡುಗನ ಹೆಸರು ಕೇಳಿ.