ಕವಲಲ್ಲಿ ಬಂದ ಹೊಗೆ

ಮಂಚೇನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಕವಿತಳ ಕಿವಿಗೆ ಪಕ್ಕದ ಇಬ್ಬರ ಮಾತು ಬೀಳುತ್ತಲೇ ಇತ್ತು. ಮರ ಕಡಿಯುವವನ ಹೆಂಡತಿ ಮುನಿಲಕ್ಷ್ಮಿ, ತೋಟದ ಯಜಮಾನಿ ಅಶ್ವತ್ಥಮ್ಮನ ಕೈ ಬಿಡುತ್ತಲೇ ಇರಲಿಲ್ಲ.

“ಕಡಿಯೋ ಮುಂಚೆ ಮರಕ್ಕೆ ಪೂಜೆ ಆಗ್ಲೇಬೇಕು ಅಂತ ನೀವಂದಿದ್ದಕ್ಕೆ ನಮ್ಮೋರು ನಕ್ಕಿದ್ರಂತೆ, ಅಜ್ಜಿ.”

“ಧೂಪ ಹಾಕ್ದೆ ಹುಣಸೆಮರಕ್ಕೆ ಕೊಡಲಿ ಇಡ್ತಾರೇನಮ್ಮ?”

“ಬುಡದ ಬಿರುಕಿಗೆ ಹೋದ ಹೊಗೆ ಮೇಲಿನ ಕವಲಲ್ಲಿ ಬಂತಂತೆ!”

“ಹೊರಗೆ ಹಸಿರು, ಒಳಗೆ ಪೂರ್ತಿ ಟೊಳ್ಳು. ಆಗ್ಲೇ ಗೊತ್ತಾಗಿದ್ದು.”

“ಇಲ್ದಿದ್ರೆ ಇವ್ರು ಅದೇ ಕವಲಿಗೆ ಹತ್ತಿಬಿಡ್ತಿದ್ರು.”

“ಕೆಳಗಿಂದ ಹಗ್ಗ ಎಸೆದು ಎಳೆದ ಕೂಡ್ಲೇ ಲಟಲಟ ಅಂತ ಬಿತ್ತಲ್ಲಮ್ಮ.”

ಬಸ್ಸು ಬಂತು. ಮುನಿಲಕ್ಷ್ಮಿಯ ಗಂಡ ಓಡಿ ಹತ್ತಿ, ಕಿಟಕಿಯಿಂದ ಕೂಗಿದ:

“ಲೇ ಮುನೀ, ಸೀಟು ಹಿಡ್ದಿದೀನಿ, ಬಾರೇ!”

“ಈ ಅರಚಾಟಕ್ಕೆ ದಿನಾ ಬಯ್ತಿದ್ದೆ, ಅಜ್ಜಿ.”

ಅವಳು ಎದ್ದಳು. ಅವನು ಇನ್ನೊಮ್ಮೆ ಕೂಗಲಿ ಎಂಬಂತೆ, ನಿಧಾನವಾಗಿ ಬಸ್ಸಿನತ್ತ ನಡೆದಳು.