ಬೇಲಿಯಾಚೆಯ ಅದೋಯೊ ಅತ್ತೆ

ಏಪ್ರಿಲ್ ತಿಂಗಳ ದೊಡ್ಡ ಮಳೆ ಹಿಡಿಯಿತೆಂದರೆ ವಿಕ್ಟೋರಿಯಾ ಸರೋವರದ ದಂಡೆಯ ನಮ್ಮೂರಲ್ಲಿ ದೋಣಿಗಳು ಮರಳಿನ ಮೇಲೆ ಮಗುಚಿ ಮಲಗುತ್ತವೆ, ಗಂಡಸರು ಮನೆ ಸೇರುತ್ತಾರೆ, ಒಣಗದ ಮೀನಿನ ವಾಸನೆ ಹಾಸಿಗೆಯವರೆಗೂ ಬರುತ್ತದೆ. ಅಂಥದೊಂದು ಸಂಜೆ ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಕರೆಂಟು ಹೋಗಿತ್ತು. ಉಗಾಲಿ ಮುದ್ದೆಗೆ ಇಟ್ಟ ನೀರು ಇನ್ನೂ ಕುದಿಯಬೇಕಿತ್ತು. ಮೊಮ್ಮಕ್ಕಳು ನಾವು ಏಳೆಂಟು ಜನ ಒವಿಟಿ ಅಜ್ಜನ ಕುರ್ಚಿಯ ಸುತ್ತ ಸೇರಿದ್ದೆವು. ಅಜ್ಜನಿಗೆ ಎಂಬತ್ತು ದಾಟಿತ್ತು. ಹಲ್ಲು ನಾಲ್ಕು ಉಳಿದಿದ್ದವು, ಮಾತು ಪೂರ್ತಿ ಉಳಿದಿತ್ತು.

ನನ್ನ ಅಕ್ಕ ಅಪೋಂಡಿ ಒಂದು ವರ್ಷದ ಮಗಳು ಅವೀನೊಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪೇಟೆಯಲ್ಲಿ ನರ್ಸ್ ಆಗಿರುವ ಅವಳು ರಜೆಗೆ ಬಂದು ನಾಲ್ಕು ದಿನವಾಗಿತ್ತು. ದೆವ್ವ ಎಂದರೆ ಅವಳಿಗೆ ನಗು. ಚಿಕ್ಕವರು ದೆವ್ವದ ಕತೆಗೆ ದುಂಬಾಲು ಬಿದ್ದಾಗ, "ಹೇಳಜ್ಜ, ಆದ್ರೆ ಮಗು ಹೆದರೋ ಹಂಗೆ ಹೇಳ್ಬೇಡ. ಆಮೇಲೆ ರಾತ್ರಿಯೆಲ್ಲ ಎತ್ಕೊಂಡು ತಿರುಗೋಳು ನಾನು" ಎಂದಳು.

ಅಜ್ಜ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಶುರುಮಾಡಿದ.

"ಹೆದರೋ ಕತೆ ಅಲ್ಲ ಬಿಡು ಇದು... ಅಂದ್ರೆ, ಹೆದರಿದವರು ಹೆದರಿದ್ರು. ಕೇಳಿ. ನಾನು ಹುಟ್ಟೋ ಮುಂಚೆ ನನ್ನಮ್ಮ ಮೂರು ಮಕ್ಕಳನ್ನ ಕಳ್ಕೊಂಡಿದ್ಲು. ಅವಳನ್ನ ಎಲ್ರೂ ನ್ಯಾಸೆಮೆ ಅಂತಿದ್ರು, ಸೆಮೆ ಅನ್ನೋ ಊರ ಕಡೆ ಹುಡುಗಿ ಅಂತ. ಮದುವೆಯಾಗಿ ಬಂದವಳ ಸ್ವಂತ ಹೆಸರು ಯಾರಿಗೆ ಬೇಕು ಹೇಳಿ? ಒಂದು ಮಗು ಎಂಟು ದಿನ ಬದುಕ್ತು, ಇನ್ನೊಂದು ಒಂದು ತಿಂಗಳು, ಮೂರನೇದು ನಗೋಕೆ ಕಲ್ತು ಹೋಯ್ತು... ನಗೋಕೆ ಕಲ್ತ ಮೇಲೆ ಹೋದ್ರೆ ತಾಯಿಗೆ ಹೆಂಗಾಗುತ್ತೆ? ನಾಲ್ಕನೇದು ನಾನು. ಇಂಥ ಮನೇಲಿ ಹುಟ್ಟಿದ ಮಗೂನ ಆಗೆಲ್ಲ ಬಿಸಾಕ್ತಿದ್ರು. ನಿಜವಾಗಿ ಅಲ್ಲ ಮಾರಾಯ್ರೇ, ಹಂಗೆ ನೋಡ್ಬೇಡಿ. ಬೆಳಕು ಹರಿಯೋ ಹೊತ್ತಿಗೆ ತಾಯಿ ಮಗೂನ ಹಳೇ ಮೊರದಲ್ಲಿ ಮಲಗಿಸಿ, ದಾರೀಲಿ ಇಟ್ಟು, ಹಿಂದೆ ತಿರುಗಿ ನೋಡದೆ ಮನೆಗೆ ಬರ್ಬೇಕು. ಮೊದಲೇ ಹೇಳಿಟ್ಟ ಹೆಂಗಸೊಬ್ಬಳು ಪೊದೆ ಹಿಂದೆ ಕಾದಿದ್ದು, ಎತ್ಕೊಂಡು ಬಂದು, 'ಯಾರೋ ಮಗು ಬಿಸಾಕಿದಾರೆ, ನಿಮಗೆ ಬೇಕಾ?' ಅಂತ ಕೇಳ್ಬೇಕು. ತಾಯಿ ಒಂದು ಬುಟ್ಟಿ ಜೋಳ ಕೊಟ್ಟು ಇಸ್ಕೋಬೇಕು. ಯಾಕೆ? ಸಾವಿಗೆ ದಿಕ್ಕು ತಪ್ಪಲಿ ಅಂತ. ಇದು ಆ ಮನೆ ಮಗು ಅಲ್ಲ, ದಾರೀಲಿ ಸಿಕ್ಕಿದ್ದು ಅಂತ ಅದು ತನ್ನ ಪಾಡಿಗೆ ಹೋಗ್ಲಿ ಅಂತ. ಅದಕ್ಕೇ ನಾನು ಒವಿಟಿ... ಬಿಸಾಕಿದವನು."

"ಬಿಸಾಕಿದ್ದನ್ನ ಯಾಕಾದ್ರೂ ಎತ್ಕೊಂಡ್ರೋ" ಎಂದಳು ಅಪೋಂಡಿ. ನಾವೆಲ್ಲ ನಕ್ಕೆವು.

"ಅದನ್ನೇ ಹೇಳೋಕೆ ಹೊರಟಿರೋದು, ಬಾಯಿ ಮುಚ್ಕೊಂಡು ಕೇಳು. ಎತ್ಕೊಳ್ಳೋ ಕೆಲಸ ಅಮೋಲೊ ಅನ್ನೋ ಸೂಲಗಿತ್ತಿ ಅಜ್ಜೀದು. ಅಜ್ಜಿ ಕತ್ತಲಿದ್ದಾಗ್ಲೇ ಹೊರಟ್ಲು. ನಾಲ್ಕು ಹೆಜ್ಜೆ ಇಟ್ಟಿರ್ಬೇಕು, ಎಡಗಾಲು ಎಡವಿತು. ಎಡಗಾಲು ಎಡವಿದ್ರೆ ಒಳ್ಳೇ ಕೆಲಸಕ್ಕೆ ಹೋಗೋ ಹಂಗಿಲ್ಲ. ವಾಪಸ್ ಮನೆಗೆ ಹೋಗಿ, ಕೂತು, ಮನಸ್ಸು ನೆಟ್ಟಗೆ ಮಾಡ್ಕೊಂಡು ಮತ್ತೆ ಹೊರಡ್ಬೇಕು. ಅಜ್ಜಿ ಶಾಸ್ತ್ರ ಬಿಡೋಳಲ್ಲ. ಹೋದ್ಲು, ಕೂತ್ಲು, ಒಂದು ಚಿಟಿಕೆ ನಶ್ಯ ಏರಿಸಿದ್ಲು, ಗೋಡೆಗೆ ಒರಗಿದ್ಲು... ನಿದ್ದೆ ಹೋದ್ಲು. ಏನ್ ಹೇಳ್ತೀರಿ ಇದಕ್ಕೆ?

"ಇತ್ತ ಅಮ್ಮ ನನ್ನನ್ನ ನೀರಿಗೆ ಇಳಿಯೋ ದಾರೀಲಿ ಇಟ್ಲು. ರಾತ್ರಿ ಹುಲ್ಲು ಮೇಯೋಕೆ ಮೇಲೆ ಬಂದ ನೀರಾನೆಗಳು ಬೆಳಿಗ್ಗೆ ವಾಪಸ್ ಇಳಿಯೋದೂ ಅದೇ ದಾರಿ. ಗೊತ್ತಿರ್ಲಿಲ್ವಾ ಅವಳಿಗೆ? ಗೊತ್ತಿತ್ತು. ಅಮೋಲೊ ಪೊದೆ ಹಿಂದೇನೇ ಇದಾಳೆ, ನಾನು ಬೆನ್ನು ತಿರುಗಿಸೋದೇ ತಡ ಎತ್ಕೊಳ್ತಾಳೆ ಅನ್ನೋ ಧೈರ್ಯ. ಇಟ್ಟು ಹೊರಟ್ಲು. ಸ್ವಲ್ಪ ದೂರ ಬಂದಿದಾಳೆ, ಹಿಂದೆ ಹುಲ್ಲು ಮುರಿಯೋ ಸದ್ದು. ದೊಡ್ಡ ಮೈ ಓಡೋ ಸದ್ದು. ಆಮೇಲೆ ಒಣಗಿದ್ದೇನೋ ಮುರಿದ ಹಾಗೆ ಲಟಕ್ ಅಂತ... ತಿರುಗಿ ನೋಡಿದ್ರೆ ಮಗು ಉಳಿಯಲ್ಲ ಅಂತ ಹಿರಿಯರು ಹೇಳಿ ಕಳಿಸಿದಾರೆ. ನೋಡದೇ ಹೋದ್ರೆ ಉಳಿದಿದೆಯೋ ಇಲ್ವೋ ಗೊತ್ತಾಗಲ್ಲ. ಯಾವ ತಾಯಿ ನಡೀತಾಳೆ ಹಂಗೆ? ನನ್ನಮ್ಮ ನಡೆದ್ಲು. ತುಟಿ ಕಚ್ಕೊಂಡು, ರಕ್ತ ಬರೋ ಹಾಗೆ ಕಚ್ಕೊಂಡು ನಡೆದ್ಲು. ಸಾಯೋವರೆಗೂ ಆ ಕೆಳತುಟಿ ಮೇಲೆ ಗಾಯದ ಗೆರೆ ಇತ್ತು, ನಾನೇ ನೋಡಿದೀನಿ.

"ಮನೆ ಮುಂದೆ ಕೂತ್ಲು. ಬಿಸಿಲು ಬೇಲಿ ಹತ್ತೋ ಹೊತ್ತಿಗೆ ದಣಪೆ ಹತ್ರ ಒಂದು ಹುಡುಗಿ ಬಂದು ನಿಂತ್ಲು. ಹದಿನೆಂಟಿರ್ಬೋದು. ತೋಳಲ್ಲಿ ನಾನು, ಅವಳ ಬೆರಳು ಚೀಪ್ತಾ ಆರಾಮಾಗಿ ಇದೀನಿ. ಹುಡುಗಿ ದಣಪೆ ದಾಟಲಿಲ್ಲ. ಹೊರಗೇ ನಿಂತು ಕೇಳಿದ್ಲು: 'ಯಾರೋ ಮಗು ಬಿಸಾಕಿದಾರೆ. ನಿಮಗೆ ಬೇಕಾ?'

"ಅಮ್ಮ ಓಡಿದ್ಲು. ಮಗೂನ ಕಿತ್ಕೊಂಡು ಮೂಸಿದ್ಲು, ಕೈಕಾಲು ಮುಟ್ಟಿ ನೋಡಿದ್ಲು, ನಕ್ಲು, ಅತ್ಲು. ಅಮೋಲೊ ತನ್ನ ಬದಲು ಯಾರನ್ನೋ ಕಳಿಸಿದಾಳೆ ಅಂದ್ಕೊಂಡ್ಲು. 'ಒಂದು ಬುಟ್ಟಿ ಜೋಳ ತಗೋ' ಅನ್ಬೇಕಿತ್ತಲ್ಲ? ಆ ಸಂತೋಷದಲ್ಲಿ ಅದೆಲ್ಲ ಎಲ್ಲಿ ನೆನಪಿರುತ್ತೆ. 'ನೀನು ಏನು ಕೇಳಿದ್ರೂ ಕೊಡ್ತೀನಿ ಕಣೇ, ಕೇಳು' ಅಂದುಬಿಟ್ಲು.

"ಹುಡುಗಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ಲಂತೆ. 'ಈಗ ಬೇಡ. ಆಮೇಲೆ ಕೇಳ್ತೀನಿ' ಅಂದ್ಲಂತೆ. ಬೇಲಿ ಪಕ್ಕದಲ್ಲೇ ಹೋಗಿ ಮನೆ ಹಿಂದಕ್ಕೆ ತಿರುಗಿದ್ಲು.

"ಅಷ್ಟೊತ್ತಿಗೆ ಅಮೋಲೊ ಅಜ್ಜಿ ಏದುಸಿರು ಬಿಡ್ತಾ ಬಂದ್ಲು ನೋಡಿ, ಮೂಗಿನ ತುದೀಲಿ ನಶ್ಯ ಮೆತ್ಕೊಂಡಿದೆ. 'ನ್ಯಾಸೆಮೆ, ಕ್ಷಮಿಸಮ್ಮ, ಕಣ್ಣು ಹತ್ತಿಬಿಡ್ತು, ನೀನಿನ್ನೂ ಹೊರಟಿಲ್ವಾ? ಮಗು ನಿನ್ನ ಕೈಲೇ ಇದೆಯಲ್ಲ?' ಅಂದ್ಲು.

"ಹಂಗಾದ್ರೆ ಆ ಹುಡುಗಿ ಯಾರು? ಅಮ್ಮ ನಡೆದಿದ್ದನ್ನೆಲ್ಲ ಹೇಳಿದ್ಲು. ಅಪ್ಪ ಓಡೆರೊ ದಾರಿಗೆ ಹೋಗಿ ಮೊರ ತಂದ. ರೊಟ್ಟಿ ಥರ ಚಪ್ಪಟೆಯಾಗಿತ್ತು, ನಡುವೆ ನೀರಾನೆ ಹೆಜ್ಜೆ. ಅಜ್ಜಿ, ಅಂದ್ರೆ ನಮ್ಮಪ್ಪನ ತಾಯಿ, ಕೇಳಿದ್ಲು: 'ಆ ಹುಡುಗಿ ಹೆಂಗಿದ್ಲು?' ಅಮ್ಮ ಹೇಳಿದ್ಲು, 'ಉದ್ದಕ್ಕಿದ್ಲು, ಎಡಗಿವಿ ಹಾಲೆ ಹರಿದಿತ್ತು' ಅಂತ. ಅಪ್ಪನ ಕೈಯಿಂದ ಮೊರ ಬಿತ್ತು. ಆ ಕಿವಿ ಹರಿದಿದ್ದು ಅವನೇ, ಚಿಕ್ಕವನಿದ್ದಾಗ, ಕಬ್ಬಿನ ತುಂಡಿಗೆ ಜಗಳ ಆಡಿ. ಅವನ ಅಕ್ಕ ಅದೋಯೊ. ನಮ್ಮಮ್ಮ ಈ ಮನೆಗೆ ಬರೋಕೆ ಆರು ವರ್ಷ ಮುಂಚೆ ಜ್ವರ ಬಂದು ತೀರ್ಕೊಂಡಿದ್ಲು.

"ಮದುವೆ ಆಗದೆ ಸತ್ತ ಹುಡುಗಿ. ಅಂಥವಳನ್ನ ಎಲ್ಲಿ ಮಣ್ಣು ಮಾಡ್ತಾರೆ? ಮನೆ ಹಿಂದೆ, ಬೇಲಿ ಹೊರಗೆ. ಗಂಡನ ಮನೆ ಇಲ್ಲ, ತೌರುಮನೇಲಿ ಜಾಗ ಇಲ್ಲ. ಅವಳ ಹೆಸರು ಯಾವ ಮಗೂಗೂ ಇಡಲ್ಲ, ಅವಳ ಸುದ್ದಿ ಎತ್ತಲ್ಲ. ಹೊಟ್ಟೇಲಿ ಹುಟ್ಟಿದ ಮಗಳೇ ಆದ್ರೂ ಸತ್ತ ಮೇಲೆ ಅವಳು ಅಂದ್ರೆ ಭಯ. ಅಜ್ಜಿ ತಕ್ಷಣ ಅಂದ್ಲು: 'ಮಾಟ ತೆಗೆಯೋನ್ನ ಕರೆಸಿ. ಹೊಗೆ ಹಾಕಿ ಓಡಿಸ್ಲಿ. ಏನ್ ಕೇಳಿದ್ರೂ ಕೊಡ್ತೀನಿ ಅಂದಿದಾಳೆ ಈ ದಡ್ಡಿ. ಆ ಮಗೂನೇ ಕೇಳ್ತಾಳೆ ಅವಳು, ನೋಡ್ತಿರಿ.'

"ನಮ್ಮಮ್ಮ ಅತ್ತೆ ಎದುರು ಅದುವರೆಗೂ ತುಟಿ ಪಿಟಕ್ ಅಂದವಳಲ್ಲ. ಅವತ್ತು ಅಂದ್ಲು: 'ನೀವೆಲ್ಲ ಶಾಸ್ತ್ರ ನೋಡ್ತಾ ಕೂತಿದ್ರಿ ಅತ್ತೆ, ಅವಳು ನನ್ನ ಮಗೂನ ನೋಡಿದ್ಲು. ಎತ್ಕೊಂಡ ಕೈಗೆ ಹೊಗೆ ಹಾಕ್ಲಾ ನಾನು?'

"ಅಂದಿದ್ದೇನೋ ಅಂದ್ಲು... ಆದ್ರೆ ಭಯ ಇರಲ್ವಾ? ಅವತ್ತಿಂದ ಅವಳ ಬದುಕು ನೋಡಿ ಹೆಂಗಿತ್ತು. ದಿನಾ ಸಂಜೆ ಒಂದು ತುತ್ತು ಬಿಸಿ ಉಗಾಲಿ, ಒಂದು ಮೀನು ತಗೊಂಡು ಬೇಲಿ ಹೊರಗೆ ಹೋಗಿ ಇಟ್ಟು, 'ಅತ್ತಿಗೆ, ನಿನ್ನ ಋಣ ದೊಡ್ಡದು. ಮಗು ಇವತ್ತು ಮಗುಚಿಕೊಂಡ... ಇವತ್ತು ಹಲ್ಲು ಬಂತು... ಇವತ್ತು ನಿನ್ನ ತಮ್ಮನ ಮೀಸೆ ಎಳೆದ' ಅಂತ ಎಲ್ಲಾ ಹೇಳಿ ಬರೋಳು. ಒಳಗೆ ಬಂದು ನನಗೆ ಒಂದು ಕೆಮ್ಮು ಬಂದ್ರೂ ಎದೆ ಹಿಡ್ಕೊಳ್ಳೋಳು, ಈಗ ಕೇಳ್ತಾಳೇನೋ ಅಂತ. ಒಬ್ಬಳ ಮೇಲೆ ಅಷ್ಟು ಪ್ರೀತೀನೂ ಅಷ್ಟು ಭಯಾನೂ ಒಟ್ಟಿಗೆ ಇಟ್ಕೊಂಡು ಐದು ವರ್ಷ ಬಾಳಿದ್ಲು. ನೀವಾಗಿದ್ರೆ?

"ಐದನೇ ವರ್ಷ ನನಗೆ ಜ್ವರ ಬಂತು. ಮೂರು ದಿನ ಕಣ್ಣು ಬಿಡ್ಲಿಲ್ಲ. ಮೂರನೇ ದಿನ ಮಧ್ಯಾಹ್ನ, ಮಳೆ ಮೋಡ ಕವಿದು ಮನೆಯೊಳಗೆಲ್ಲ ಮಬ್ಬು, ನಾನು ಕಣ್ಣು ಮುಚ್ಕೊಂಡೇ ಮಾತಾಡಿದ್ನಂತೆ. 'ಅಮ್ಮ, ಅತ್ತೆ ಈಗ ಕೇಳ್ತಿದಾಳೆ.' ಅಮ್ಮ ಬಗ್ಗಿ ಕೇಳಿದ್ಲು: 'ಏನ್ ಕೇಳ್ತಿದಾಳೆ ಮಗನೇ? ನಿನ್ನನ್ನಾ?' ನಾನಂದೆನಂತೆ: 'ಅಲ್ಲ. ಹೊರಗೆ ಚಳಿಯಂತೆ. ಒಳಗೆ ಬರ್ಲಾ ಅಂತಿದಾಳೆ.'

"ಅಷ್ಟೇ ಅವಳು ಕೇಳಿದ್ದು. ಹದಿನೈದು ವರ್ಷದಿಂದ ಬೇಲಿ ಹೊರಗಿದ್ದ ಹುಡುಗಿ, ತಾನು ಹುಟ್ಟಿದ ಮನೆಯೊಳಗೆ ಬರ್ಲಾ ಅಂತ.

"ಅಮ್ಮ ಮಚ್ಚು ತಗೊಂಡು ಮನೆ ಹಿಂದಕ್ಕೆ ನಡೆದ್ಲು. ಕಳ್ಳಿ ಬೇಲಿ ಕಡಿಯೋಕೆ ಶುರು ಮಾಡಿದ್ಲು. ಬೇಲಿ ಅಂದ್ರೆ ಮನೆ ಯಜಮಾನಂದು. ಅವನಿರುವಾಗ ಹೆಂಡತಿ ಅದಕ್ಕೆ ಮಚ್ಚು ಹಾಕಿದ್ರೆ ಗಂಡನಿಗೆ ಸಾವು ಬಯಸಿದ ಹಾಗೆ. ಅಜ್ಜಿ ಎದೆ ಬಡ್ಕೊಂಡ್ಲು. ನೆರೆಹೊರೆಯವರು ಬಂದು ನಿಂತ್ರು, 'ಸೆಮೆಯವಳಿಗೆ ತಲೆ ಕೆಟ್ಟಿದೆ' ಅಂದ್ರು. ಕಳ್ಳಿ ಹಾಲು ಬಿದ್ದು ಅಮ್ಮನ ಕೈಯೆಲ್ಲ ಬೊಬ್ಬೆ, ಮಳೆ ಬೇರೆ ಶುರುವಾಯ್ತು, ಅವಳು ನಿಲ್ಲಿಸ್ಲಿಲ್ಲ. 'ನನ್ನ ಮಗ ಮೊರದಲ್ಲಿ ಚಪ್ಪಟೆಯಾಗಿ ಹೋಗಿದ್ರೆ ನೀವು ಯಾರು ತಂದ್ಕೊಡ್ತಿದ್ರಿ? ಇವಳು ತಂದ್ಲು. ಇವಳಿಗೆ ಕೊಡೋಕೆ ನಿಮ್ಮನೇಲಿ ನಾಲ್ಕಡಿ ಜಾಗ ಇಲ್ವಾ?' ಅಂತ ಕಡೀತಾನೇ ಕೇಳಿದ್ಲು.

"ಅಪ್ಪ ದೂರದಲ್ಲಿ ನಿಂತಿದ್ದ. ಆಮೇಲೆ ಹೋಗಿ ಅವಳ ಕೈಯಿಂದ ಮಚ್ಚು ತಗೊಂಡ. ಹೊಡೀತಾನೇನೋ ಅಂದ್ಕೊಂಡ್ರು ಎಲ್ಲ. ಅವನು, 'ಸರ್ಕೋ, ಇದು ನಾನು ಮಾಡ್ಬೇಕಾಗಿದ್ದ ಕೆಲಸ' ಅಂದು ಕಡಿಯೋಕೆ ನಿಂತ. ಇಬ್ಬರೂ ಸೇರಿ ಆ ಕಳ್ಳಿ ಎಲ್ಲ ಕಿತ್ತು, ಗೋರಿ ಆಚೆಗೆ ಸುತ್ತ ಮತ್ತೆ ನೆಟ್ರು. ನಮ್ಮ ಬೇಲಿ ಹಿಂದುಗಡೆ ಬಸುರಿ ಹೊಟ್ಟೆ ಥರ ಉಬ್ಬಿದೆಯಲ್ಲ, ಅದಕ್ಕೇ. ನೆಟ್ಟು ಮುಗಿಸಿ ಅಪ್ಪ ಮಳೇಲಿ ನಿಂತು ಕರೆದನಂತೆ... 'ಅಕ್ಕ, ಒಳಗೆ ಬಾರೇ. ತಡ ಮಾಡಿಬಿಟ್ಟೆ ನಾನು.' ಅಜ್ಜಿಗೆ ಆಗ ತಡ್ಕೊಳ್ಳೋಕಾಗ್ಲಿಲ್ಲ. ಹೆತ್ತವಳಲ್ವಾ, ಹೋಗಿ ಆ ಒದ್ದೆ ಮಣ್ಣಿನ ಮೇಲೆ ಬಿದ್ದು ಅತ್ಲು. ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಉಗಾಲಿ ಕೇಳಿದೆ. ಅಪ್ಪ ಎಪ್ಪತ್ತೈದು ವರ್ಷ ಬದುಕಿದ. ಮಾತಾಡಿದವರೆಲ್ಲ ಮಾತಾಡಿ ಸುಮ್ಮನಾದ್ರು."

ಅಜ್ಜ ನಿಲ್ಲಿಸಿದ. ಒಲೆಯ ಮೇಲಿನ ನೀರು ಕುದಿಯತೊಡಗಿತ್ತು, ಯಾರೂ ಏಳಲಿಲ್ಲ. ಅಪೋಂಡಿಯ ಕಣ್ಣು ಒದ್ದೆಯಾಗಿತ್ತು, ಅದನ್ನು ಮರೆಸಲು ಅವಳು ಮಗುವಿನ ಕೂದಲು ಸರಿಮಾಡುತ್ತ, "ಚೆನ್ನಾಗಿತ್ತಜ್ಜ. ಜ್ವರ ಮಾತ್ರ ಮಲೇರಿಯಾ ಇರ್ಬೇಕು" ಎಂದಳು.

"ಇರ್ಬೋದು" ಎಂದ ಅಜ್ಜ. "ನೀನು ಓದಿದವಳು. ಒಂದು ಕೇಳ್ತೀನಿ, ಹೇಳು. ಇವತ್ತು ಮಳೆ ಬಂದ ತಕ್ಷಣ ನೀನು ದಂಡೇಲಿ ಒಣಗಿಸಿದ್ದ ಮೀನು ಎತ್ತೋಕೆ ಓಡಿದೆ. ಮಗೂನ ಎಲ್ಲಿ ಬಿಟ್ಟಿದ್ದೆ?"

"ಜಗಲಿ ಮೇಲೆ, ಚಾಪೇಲಿ. ಮಲಗಿದ್ಲು." ಅಪೋಂಡಿಯ ದನಿ ಸಣ್ಣದಾಯಿತು. "ವಾಪಸ್ ಬಂದ್ರೆ ಜಗಲೀಲಿ ಇರ್ಲಿಲ್ಲ. ಅಂಗಳದ ಕೆಸರಲ್ಲಿ ಇವಳ ಅಂಬೆಗಾಲಿನ ಗುರುತು, ನೀರು ತುಂಬಿದ ಗುಂಡಿ ಅಂಚಿನವರೆಗೂ ಇತ್ತು. ನನ್ನ ಜೀವಾನೇ ಹೋಯ್ತು. ಒಳಗೆ ಓಡಿ ಬಂದ್ರೆ ನಿನ್ನ ಮಂಚದ ಮೇಲೆ ಒಣಗಿದ ಬಟ್ಟೇಲಿ ಸುತ್ಕೊಂಡು ಮಲಗಿದಾಳೆ. ನೀನೇ ತಂದಿದ್ದಲ್ವಾ? ನಾನು ನಿನ್ನ ಕಾಲು ಹಿಡ್ಕೊಂಡು ಅತ್ತೆನಲ್ಲ ಅಜ್ಜ, ನೀನು ತಲೆ ಸವರಿದೆಯಲ್ಲ."

"ಸವರಿದೆ. ಅಳೋ ಮಗಳ ತಲೆ ಸವರದೇ ಇರ್ಲಾ? ಆದ್ರೆ ಮಧ್ಯಾಹ್ನದಿಂದ ನನ್ನ ಮಂಡಿ ಹಿಡ್ಕೊಂಡಿದೆ. ಇಬ್ಬರು ಕೈ ಕೊಡದೆ ನಾನು ಈ ಕುರ್ಚಿಯಿಂದ ಎದ್ದಿಲ್ಲ. ಇವರನ್ನೇ ಕೇಳು."

ನಮ್ಮಲ್ಲಿ ಯಾರೂ ಮಗುವನ್ನು ಎತ್ತಿರಲಿಲ್ಲ. ಅಜ್ಜನೊಬ್ಬನನ್ನು ಬಿಟ್ಟು ಮನೆಮಂದಿ ನಾವೆಲ್ಲ ಆಗ ದಂಡೆಯಲ್ಲಿ ಮೀನು ತುಂಬುತ್ತಿದ್ದೆವು. ಅಪೋಂಡಿ ಅವೀನೊಳನ್ನು ಎದೆಗೆ ಒತ್ತಿಕೊಂಡಳು. ಮಗು ಅವಳ ಹೆಗಲ ಮೇಲಿಂದ ಹಿಂದಿನ ಬಾಗಿಲಿನತ್ತ ನೋಡಿ ನಕ್ಕು, ಎತ್ತಿಕೋ ಎಂಬಂತೆ ಎರಡೂ ಕೈ ಚಾಚಿತು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ.

ಅಪೋಂಡಿ ತಿರುಗಿ ನೋಡಲಿಲ್ಲ. ಬಾಗಿಲಾಚೆಯ ಮಳೆಗೆ ಕೇಳಲೆಂದು ದನಿ ಏರಿಸಿ, "ಅತ್ತೆ..." ಎಂದಳು.

"ಅಷ್ಟು ಜೋರಾಗಿ ಬೇಡ ಮಗಳೇ" ಎಂದ ಅಜ್ಜ ಮೆಲ್ಲಗೆ. "ಇಲ್ಲೇ ಪಕ್ಕದಲ್ಲಿದಾಳೆ."