ಪ್ರಾಪ್ತಿಯ ಮೂಗು

ಫಳ್ನೀರಿನ ಪ್ಲಾಸ್ಟಿಕ್ ಸರ್ಜನ್ನರ ಕ್ಲಿನಿಕ್ಕಿನಲ್ಲಿ, ಸುಟ್ಟ ಕೈಯ ಪಟ್ಟಿ ಬದಲಿಸಲು ಕಾಯುತ್ತಿದ್ದ ರೊಸಾಲಿನ್ ಟೀಚರಿಗೆ ಪಕ್ಕದ ತಾಯಿ-ಮಗಳ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಮಗಳ ಮುಖದಲ್ಲಿ ಮೂಗಿನ ಜಾಗದಲ್ಲಿ ಬರೀ ಬ್ಯಾಂಡೇಜು.

“ಅಮ್ಮ, ಡಾಕ್ಟರು ನನ್ನ ಹಳೇ ಫೋಟೊ ತರಲಿಕ್ಕೆ ಹೇಳಿದ್ದು. ಇದು ಪ್ರಾಪ್ತಿಯಕ್ಕನದ್ದು.”

“ಗೊತ್ತುಂಟು ಮಾರಾಯ್ತಿ.”

“ಮತ್ತೆ ಎಂತಕ್ಕೆ ತಂದದ್ದು?”

“ಹಣೆಯ ಚರ್ಮ ಇಳಿಸಿ ಹೇಗೂ ಹೊಸ ಮೂಗು ಮಾಡ್ತಾರಲ್ಲ? ಅವಳದ್ದು ಎಷ್ಟು ಚಂದ ಇತ್ತು. ನಿನ್ನದು ಎಣ್ಣೆಯಲ್ಲಿ ಉಬ್ಬಿದ ಗೋಳಿಬಜೆಯ ಹಾಗೆ.”

“ಗೋಳಿಬಜೆಯಾದರೂ ನನ್ನದೇ. ನಾನು ಚಂದ ಮಾಡಿಸಲಿಕ್ಕೆ ಬಂದದ್ದಲ್ಲ, ಹೋದದ್ದು ವಾಪಸ್ ಬೇಕು ಅಂತ ಬಂದದ್ದು.”

“ನನಗೂ ಹೋದದ್ದೇ ಬೇಕು.”



“ಕೂಳೂರು ಸೇತುವೆಯ ಆ ಆಕ್ಸಿಡೆಂಟಿನಲ್ಲಿ ಅಕ್ಕ ಸತ್ತದ್ದು ನನ್ನ ಸ್ಕೂಟರಿನ ಹಿಂದೆ ಕೂತು, ಅಮ್ಮ. ಅವಳ ಮುಖ ಇಟ್ಟುಕೊಂಡು ನಾನು ಕನ್ನಡಿ ನೋಡುವುದು ಹೇಗೆ?”

“ನೀನು ನೋಡ್ಬೇಡ. ನಾನು ನೋಡ್ತೇನೆ.”

“ನಿರೀಕ್ಷಾ ಯಾರು?” ನರ್ಸ್ ಬಾಗಿಲಿನಿಂದ ಕರೆದಳು.

ಮಗಳು ಎದ್ದು ಕೈ ಚಾಚಿದಳು. ತಾಯಿ ಬ್ಯಾಗಿನ ತಳದಿಂದ ಅವಳದೇ ಹಳೇ ಫೋಟೊ ತೆಗೆದು ಕೊಟ್ಟರು. ಪ್ರಾಪ್ತಿಯದ್ದನ್ನು ಮಾತ್ರ ಬ್ಯಾಗಿಗೆ ಹಾಕಲಿಲ್ಲ. ಸೆರಗಿನಡಿ ಹಿಡಿದುಕೊಂಡೇ ಮಗಳ ಹಿಂದೆ ಡಾಕ್ಟರ ಕೋಣೆಗೆ ಹೋದರು.